ಒಂದು ಪೆಟ್ಟಿಗೆಯೋ, ಬಿಡಿ ಪೆಡಲುಗಳೋ?

ವಿದ್ಯುತ್ ಗಿಟಾರ್ ನುಡಿಸುವ ತರುಣರಲ್ಲಿ ಒಂದು ವಾಗ್ವಾದ ಬಹುಕಾಲದಿಂದ ನಡೆದುಬಂದಿದೆ. ನಾದಕ್ಕೆ ಬಣ್ಣ ಕಟ್ಟುವ ಉಪಕರಣಗಳನ್ನು ಬಿಡಿಬಿಡಿಯಾಗಿ ಕೊಂಡು ಸಾಲಾಗಿ ಜೋಡಿಸಿಕೊಳ್ಳಬೇಕೋ, ಅವೆಲ್ಲವನ್ನೂ ಒಳಗೊಂಡ ಒಂದೇ ಪೆಟ್ಟಿಗೆಯನ್ನು ತಂದುಬಿಡಬೇಕೋ ಎಂಬುದೇ ಆ ವಾದ. ಮೊದಲಿನವಕ್ಕೆ ಪೆಡಲ್ ಎಂದು ಹೆಸರು. ಎರಡನೆಯದಕ್ಕೆ ಮಲ್ಟಿ ಎಫೆಕ್ಟ್ಸ್ ಎಂದು. ಜೀವಮಾನವೆಲ್ಲ ಅಲಂಕಾರಶಾಸ್ತ್ರದ, ಛಂದಸ್ಸಿನ ಪಾಠ ಹೇಳಿದವನಿಗೆ ಇದರ ಗೊಡವೆ ಏಕೆಂದು ಕೇಳುಗರು ಹುಬ್ಬೇರಿಸಬಹುದು. ನನ್ನ ತಂಗಿಯ ಮಗ ಗಿಟಾರ್ ನುಡಿಸುತ್ತಾನೆ ಎಂಬುದು ಒಂದು ಕಾರಣ. ಅಲಂಕಾರ ಯಾವುದು, ಎಷ್ಟು, ಎಲ್ಲಿ ಎಂಬ ಪ್ರಶ್ನೆ ಕಾವ್ಯಕ್ಕಷ್ಟೇ ಮೀಸಲಲ್ಲ ಎಂಬುದು ಇನ್ನೊಂದು.

ವೀಣೆಯಲ್ಲಿ ತಂತಿಯ ಕಂಪನವನ್ನು ಹಲಸಿನ ಮರದ ಕೊಡವೇ ಹಿಗ್ಗಿಸಿ ನಮ್ಮ ಕಿವಿಗೆ ಮುಟ್ಟಿಸುತ್ತದೆ. ವಿದ್ಯುತ್ ಗಿಟಾರಿಗೆ ಸಾಮಾನ್ಯವಾಗಿ ಅಂಥ ಟೊಳ್ಳು ಒಡಲಿಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ತಂತಿ ಅದುರಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದು ಆಂಪ್ಲಿಫೈಯರಿನಲ್ಲಿ ಬಲಗೊಂಡು ನಾದವಾಗಿ ಹೊರಬರುತ್ತದೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವಣ ಈ ಹಾದಿಯಲ್ಲಿ ಕುಳಿತು, ಹಾದುಹೋಗುವ ವಿದ್ಯುತ್ತಿನ ರೂಪವನ್ನು ಬದಲಿಸುವುದೇ ಪೆಡಲಿನ ಕೆಲಸ. ಕೈಗಳೆರಡೂ ವಾದ್ಯದ ಮೇಲಿರುವುದರಿಂದ ಅದರ ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕಂಡವರಿಗೆ ಸಂಗೀತದಲ್ಲಿ ಕಾಲಿನ ಪಾತ್ರ ಹೊಸದೇನಲ್ಲ. ಅಲ್ಲಿ ಕಾಲು ಗಾಳಿ ತುಂಬುತ್ತಿತ್ತು. ಇಲ್ಲಿ ಬಣ್ಣ ಬದಲಿಸುತ್ತದೆ.

ಈ ಬಣ್ಣಗಳಲ್ಲಿ ಬಹಳ ಪ್ರಸಿದ್ಧವಾದ ಒಂದು ಬಣ್ಣದ ಕಥೆ ಸ್ವಾರಸ್ಯವಾಗಿದೆ. 1961ರಲ್ಲಿ ಅಮೆರಿಕದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಹಾಡು ಹೊರಬಂತು. ನ್ಯಾಶ್‌ವಿಲ್‌ನಲ್ಲಿ ಅದರ ಮುದ್ರಣ ನಡೆದಾಗ ಧ್ವನಿಮುದ್ರಣ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ಅವರ ತಂತಿವಾದ್ಯದ ನಾದ ದುಂಬಿಯ ಮೊರೆತದಂತೆ ಒರಟಾಯಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಯಂತ್ರದ ಮುಂದೆ ಕುಳಿತಿದ್ದ ಗ್ಲೆನ್ ಸ್ನಾಡಿ ಎಂಬ ತಂತ್ರಜ್ಞರು ಆ ದೋಷವನ್ನೇ ಟ್ರಾನ್ಸಿಸ್ಟರುಗಳಿಂದ ಮರುಸೃಷ್ಟಿಸಿದರು; ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಕೀತ್ ರಿಚರ್ಡ್ಸ್ ಬಳಸಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ತಮಾಷೆಯೆಂದರೆ, ಮುಂದೆ ತುತ್ತೂರಿಗಳು ನುಡಿಯಬೇಕಾದ ಜಾಗವನ್ನು ಸದ್ಯಕ್ಕೆ ತೋರಿಸಿಡಲೆಂದು ಅವರು ಆ ಪೆಡಲನ್ನು ಒತ್ತಿದ್ದು. ತುತ್ತೂರಿಗಳು ಬರಲೇ ಇಲ್ಲ.

ಜಪಾನಿನ ಬಾಸ್ ಕಂಪನಿ 1977ರಿಂದ ಅಂಗೈಯಗಲದ ಗಟ್ಟಿ ಪೆಡಲುಗಳನ್ನು ತಂದಿತು. 1978ರಲ್ಲಿ ಬಂದ ಅದರ ಕಿತ್ತಳೆ ಬಣ್ಣದ ಡಿಎಸ್-1 ಇಂದಿಗೂ ತಯಾರಾಗುತ್ತಿದೆ. ಅದೇ ಕಂಪನಿ 1988ರಲ್ಲಿ ಎಂಇ-5 ಎಂಬ ಪೆಟ್ಟಿಗೆಯಲ್ಲಿ ಹಲವು ಪೆಡಲುಗಳ ಕೆಲಸವನ್ನು ಕೂಡಿಸಿಟ್ಟಿತು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂತು. ಅದು ಹೆಸರಾಂತ ಆಂಪ್ಲಿಫೈಯರುಗಳ ಧ್ವನಿಯನ್ನೇ ಗಣಿತದ ಮೂಲಕ ಅನುಕರಿಸತೊಡಗಿತು. ಇಂದಿನ ಪೆಟ್ಟಿಗೆಗಳು ತಂತಿಯಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು, ಅಂಕೆಗಳಾಗಿ ಮಾಡಿ, ಲೆಕ್ಕ ಹಾಕಿ, ಮತ್ತೆ ವಿದ್ಯುತ್ತಾಗಿಸುತ್ತವೆ. ಹೆಸರಾಂತ ಕಂಪನಿಯ ಒಂದೇ ಒಂದು ಪೆಡಲಿಗೆ ಕೊಡುವ ಹಣಕ್ಕೆ ಕಲಿಯುವವರ ಮಟ್ಟದ ಒಂದು ಇಡೀ ಪೆಟ್ಟಿಗೆ ಸಿಕ್ಕೀತು. ಹೀಗಿರುವಾಗ ವಾದವೇ ಏಕೆ?

ನನ್ನ ಸೋದರಳಿಯನಿಗೆ ದೊಡ್ಡ ಸಂಬಳವಿಲ್ಲ. ಎಂಟು ತಿಂಗಳು ಕೂಡಿಟ್ಟ ಹಣವಿತ್ತು. “ಒಂದು ಸಲ ಕೊಂಡರೆ ಕೊಂಡ ಹಾಗೆ. ಮತ್ತೆ ಅದು ಬೇಕು, ಇದು ಬೇಕು ಅನ್ನಬಾರದು” ಎಂದು ಅವನ ತಾಯಿ ಮೊದಲೇ ಹೇಳಿದ್ದಳು. ಸ್ನೇಹಿತನೊಬ್ಬನ ಪೆಟ್ಟಿಗೆಯನ್ನು ಎರವಲು ತಂದು ನಮ್ಮ ಮನೆಯಲ್ಲಿ ಮೂರು ಸಂಜೆ ಕುಳಿತ. ಅದರಲ್ಲಿ ಕಾರ್ಖಾನೆಯವರೇ ಸಿದ್ಧಪಡಿಸಿಟ್ಟ ಬಣ್ಣಗಳು ನೂರಕ್ಕೂ ಮಿಕ್ಕಿದ್ದವು. ಒಂದನ್ನು ಒತ್ತುವುದು, ನಾಲ್ಕು ಸ್ವರ ನುಡಿಸುವುದು, ಮುಂದಿನದಕ್ಕೆ ಹೋಗುವುದು. ಮೂರು ಸಂಜೆಯಲ್ಲಿ ಒಂದು ಹಾಡೂ ಪೂರ್ತಿಯಾಗಲಿಲ್ಲ.

“ಮಾವ, ಯಾವುದು ಚೆನ್ನಾಗಿದೆ ಹೇಳಿ” ಎಂದ.

“ಎಲ್ಲವನ್ನೂ ನಿಲ್ಲಿಸಿ ಬರಿಯ ಗಿಟಾರ್ ನುಡಿಸಪ್ಪ, ಕೇಳೋಣ” ಎಂದೆ.

ನುಡಿಸಿದ. ಮೆಲ್ಲಗೆ ಮೀಟಿದ್ದು ಮೆಲ್ಲಗೆ, ಒತ್ತಿ ಮೀಟಿದ್ದು ಒತ್ತಿ ಕೇಳಿಸಿತು; ಅವನ ಬೆರಳು ಗುರುತು ಸಿಕ್ಕಿತು. ಅನಂತರ ಅವನಿಗೆ ಪ್ರಿಯವಾದ ಸಿದ್ಧಬಣ್ಣದಲ್ಲಿ ಅದನ್ನೇ ನುಡಿಸಿದ. ಕಿವಿ ತುಂಬುವ ನಾದವೇನೋ ಹೌದು. ಆದರೆ ಮೆಲುಪು ಬಿರುಸುಗಳ ಭೇದ ಅಳಿಸಿಹೋಗಿತ್ತು. ಇದು ಕಿವಿಯ ಭ್ರಮೆಯಲ್ಲ. ಕಂಪ್ರೆಸರ್ ಎಂಬುದು ದೊಡ್ಡದನ್ನು ತಗ್ಗಿಸಿ ಸಣ್ಣದನ್ನು ಎತ್ತುತ್ತದೆ. ಡಿಸ್ಟಾರ್ಷನ್ ಎಂಬುದು ಅಲೆಯ ನೆತ್ತಿಯನ್ನೇ ಕತ್ತರಿಸುತ್ತದೆ. ಇವೆರಡರ ಮೇಲೆ ಕೋರಸ್, ಅದರ ಮೇಲೆ ರಿವರ್ಬ್ ಎಂಬ ಮಂಟಪದ ಮೊಳಗು. ನಾಲ್ಕೂ ಒಂದೇ ಗುಂಡಿಯ ಹಿಂದೆ ಅಡಗಿದ್ದರೆ ಯಾವುದು ಏನು ಮಾಡಿತೆಂದು ಹುಡುಗ ತಿಳಿಯುವುದೆಂತು? ಪದ್ಯಕ್ಕೆ ಉಪಮೆ, ರೂಪಕ, ಶ್ಲೇಷೆಗಳನ್ನು ಒಟ್ಟಿಗೆ ಸುರಿದ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ.

ಹಾಗೆಂದು ಪೆಟ್ಟಿಗೆಯನ್ನು ಹಳಿಯುವ ಶುದ್ಧಾಚಾರ ನನಗೆ ಸಮ್ಮತವಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿರದಿದ್ದರೆ ಒಂಟಿಯಾಗಿ ಸಾಧನೆ ಮಾಡುವ ಎಷ್ಟು ಮಂದಿಗೆ ಶ್ರುತಿಯ ಆಸರೆ ಸಿಗುತ್ತಿತ್ತು? ಅಲ್ಲದೆ ‘ಬಿಡಿ ಪೆಡಲೇ ಅಪ್ಪಟ’ ಎನ್ನುವವರು ಒಂದು ವಿಷಯವನ್ನು ಮರೆಯುತ್ತಾರೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಡಿಲೇ, ರಿವರ್ಬ್ ಪೆಡಲುಗಳಲ್ಲಿ ಬಹುಪಾಲಿನ ಒಳಗೂ ಇರುವುದು ಅದೇ ಅಂಕೆಗಳ ಯಂತ್ರ. ಕೇಳಿದ ನಾದವನ್ನು ನೆನಪಿಟ್ಟುಕೊಂಡು ತಡೆದು ಹೇಳುವ ಪ್ರತಿಧ್ವನಿಯ ಕೆಲಸ ಅಂಕೆಗಳಿಗೆ ಚೆನ್ನಾಗಿ ಒಲಿದದ್ದು. ಅದಕ್ಕೆ ಪೆಟ್ಟಿಗೆಯೇ ಸಾಕು.

ಫಜ್‌ನ ಸಂಗತಿ ಬೇರೆ. 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಜಿಮಿ ಹೆಂಡ್ರಿಕ್ಸ್ ಅವರಿಂದ ಹೆಸರಾದ ಫಜ್ ಫೇಸ್ ಎಂಬ ದುಂಡನೆಯ ಪೆಡಲಿನೊಳಗೆ ಇರುವುದು ಎರಡೇ ಟ್ರಾನ್ಸಿಸ್ಟರು. ಅದು ಗಿಟಾರಿನ ಸುರುಳಿಯೊಡನೆ ನೇರವಾಗಿ ಬೆಸೆದುಕೊಂಡು ಕೆಲಸ ಮಾಡುತ್ತದೆ. ಗಿಟಾರಿನ ಮೇಲಣ ವಾಲ್ಯೂಮ್ ತಿರುಪನ್ನು ಒಂದಿಷ್ಟು ಇಳಿಸಿದರೆ ಸಾಕು, ಮೊರೆತ ಕರಗಿ ನಾದ ತಿಳಿಯಾಗುತ್ತದೆ. ಏರಿಸಿದರೆ ಮತ್ತೆ ಉರಿಯುತ್ತದೆ. ಕಾಲು ಎತ್ತದೆಯೇ, ಕಿರುಬೆರಳಿನಿಂದ ಇಷ್ಟೆಲ್ಲ. ಬಹುಪಾಲು ಪೆಟ್ಟಿಗೆಗಳಲ್ಲಿ ನಡುವೆ ಮತ್ತೊಂದು ಮಂಡಲ ನಿಂತು ಈ ನೇರ ನಂಟನ್ನು ಕಡಿಯುತ್ತದೆ. ಬೆಲೆಬಾಳುವ ಕೆಲವದರಲ್ಲಿ ಇದಕ್ಕೂ ಉಪಾಯ ಮಾಡಿದ್ದಾರೆ, ಅವು ಹುಡುಗನ ಕೈಗೆ ಎಟುಕುವಂಥವಲ್ಲ.

ಆದ್ದರಿಂದ ನಾನು ಅವನಿಗೆ ಹೇಳಿದ್ದು ಇಷ್ಟು: ಬೆರಳಿನ ಭಾರಕ್ಕೆ ಓಗೊಡಬೇಕಾದದ್ದನ್ನು ಬಿಡಿಯಾಗಿ ಕೊಳ್ಳು, ಬೆರಳು ನುಡಿದ ಮೇಲೆ ಸುತ್ತಲಿನ ಅವಕಾಶವನ್ನು ತುಂಬತಕ್ಕದ್ದನ್ನು ಪೆಟ್ಟಿಗೆಯಿಂದ ಪಡೆ. ಬಳಸಿ ಮಾರಿದ ಒಂದು ಸಣ್ಣ ಮಲ್ಟಿ ಎಫೆಕ್ಟ್ಸ್, ಅದೇ ರೀತಿ ಎರಡನೆಯ ಕೈಯಿಂದ ಬಂದ ಒಂದು ಫಜ್, ಇವೆರಡೂ ಅವನ ಹಣದಲ್ಲಿ ಹೊಂದಿದವು. ಪೆಟ್ಟಿಗೆಯಲ್ಲಿ ಪ್ರತಿಧ್ವನಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ಸದ್ಯಕ್ಕೆ ಮುಚ್ಚಿದ್ದಾನೆ. ಫಜ್ ಮೊದಲು, ಪ್ರತಿಧ್ವನಿ ಆಮೇಲೆ. ತಿರುಗಿಸಿ ಜೋಡಿಸಿದರೆ ಮರುದನಿಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಅದೂ ಕೆಲವರಿಗೆ ಇಷ್ಟವೇ.

ಬಿಡಿ ಪೆಡಲುಗಳ ಸಾಲು ಬೆಳೆದಂತೆ ತೊಡಕೂ ಬೆಳೆಯುತ್ತದೆ. ಐದು ಪೆಡಲಿಗೆ ಆರು ಕೇಬಲ್. ಅವುಗಳಲ್ಲಿ ಒಂದು ಕೈಕೊಟ್ಟರೂ ವೇದಿಕೆಯ ಮೇಲೆ ಮೌನ. ಒಂದು ಪೆಡಲ್ ಕೆಟ್ಟರೆ ಅದನ್ನು ಕಳಚಿ ಮುಂದುವರಿಯಬಹುದು ನಿಜ. ಪೆಟ್ಟಿಗೆ ಕೆಟ್ಟರೆ ಬಣ್ಣಗಳೆಲ್ಲ ಒಟ್ಟಿಗೆ ಹೋಗುತ್ತವೆ. ಕೊಳ್ಳುವ ಮುನ್ನ ಅಡಾಪ್ಟರನ್ನೂ ಗಮನಿಸಬೇಕು. ಹೆಚ್ಚಿನ ಪೆಡಲುಗಳಿಗೆ 9 ವೋಲ್ಟ್, ಪ್ಲಗ್ಗಿನ ನಡುವಿನ ತುದಿ ಋಣ. ಮನೆಯಲ್ಲಿರುವ ಇತರ ಅಡಾಪ್ಟರುಗಳಲ್ಲಿ ಎಷ್ಟೋ ಇದಕ್ಕೆ ವಿರುದ್ಧ. ಹಳೆಯ ಬಗೆಯ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್‌ಗಳಲ್ಲಿ ಕೆಲವಕ್ಕೆ ಧ್ರುವಗಳೇ ತಿರುಗುಮುರುಗು. ಅಂಥವನ್ನು ಉಳಿದ ಪೆಡಲುಗಳೊಡನೆ ಒಂದೇ ಅಡಾಪ್ಟರಿಗೆ ಸಿಕ್ಕಿಸದೆ ಬ್ಯಾಟರಿಯಿಂದಲೇ ನಡೆಸುವುದು ಕ್ಷೇಮ.