ಕೊಟ್ಟಿಗೆಗೆ ಕರೆಂಟ್ ಎಳೆಸಿದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀಯ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು" ಅಂತ ಸಂಘದವರು ಹೇಳಿದ್ದರು. ಆದರೆ ಊರಿಗೆ ಬಂದಾಗ ನನ್ನನ್ನು ಯಾರೂ ಕಂಪ್ಯೂಟರ್ ವಿಷಯ ಕೇಳುವುದಿಲ್ಲ. "ನಿಮ್ಮ ಕೊಟ್ಟಿಗೆಗೆ ಕರೆಂಟ್ ಎಳೆಸಿದ್ರಂತಲ್ಲ, ಯಾರ ಕೈಲಿ ಮಾಡಿಸಿದ್ರಿ, ಎಷ್ಟಾಯ್ತು?" ಅಂತ ಕೇಳುತ್ತಾರೆ. ಅದನ್ನೇ ಹೇಳುತ್ತೇನೆ.

ನಮ್ಮ ಕೊಟ್ಟಿಗೆ ಮನೆಗೆ ಅಂಟಿಕೊಂಡಿಲ್ಲ. ಹಿತ್ತಲು ದಾಟಿ, ಬಾವಿ ದಾಟಿ, ಮೀಟರ್ ಬೋರ್ಡಿನಿಂದ 45 ಮೀಟರ್ ದೂರ. ಅಪ್ಪನಿಗೆ ಮೇವು ಕತ್ತರಿಸಲು ಒಂದು ಎಚ್‌ಪಿ ಯಂತ್ರ ಬೇಕಿತ್ತು, ಬೆಳಗಿನ ಜಾವ ಹಾಲು ಕರೆಯಲು ಎರಡು ದೀಪ ಬೇಕಿತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 150 ಕಿಲೋಮೀಟರ್‌ಗೆ ಹತ್ತಿರದಷ್ಟು ದೂರ 1902ರಲ್ಲೇ ಕರೆಂಟ್ ಎಳೆದ ನಾಡು ನಮ್ಮದು. 45 ಮೀಟರ್ ಏನು ಮಹಾ ಅನ್ನಿಸುತ್ತದೆ.

ಮೊದಲು ವಿಚಾರಿಸಿದವರು ಫೋನಿನಲ್ಲೇ ರೇಟು ಹೇಳಿದರು. "ಸರ್ವಿಸ್ ವೈರ್ ತಂದು ಮಾವಿನ ಮರಕ್ಕೆ ಕಟ್ಟಿ ಎಳೆದುಬಿಡ್ತೀನಿ ಸಾರ್, ಸಂಜೆಯೊಳಗೆ ಬಲ್ಬ್ ಉರೀತದೆ." ಎರಡನೆಯವರು ಪೇಟೆಯಿಂದ ಬಂದು, ನಿಂತಲ್ಲೇ ನೋಡಿ, ಒಂದು ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರ ಬರೆದುಕೊಟ್ಟರು. ಯಾವ ಕೇಬಲ್, ಎಷ್ಟು ಮೀಟರ್, ಏನೂ ಇಲ್ಲ. ಇನ್ನೊಬ್ಬರ ಸಲಹೆಯಂತೂ ಪಂಪ್‌ಸೆಟ್ ಲೈನಿನಿಂದಲೇ ತೆಗೆದುಕೊಳ್ಳಿ ಅಂತ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಬಿಟ್ಟಿ ಕರೆಂಟ್ ಕೊಡುವುದು ಪಂಪಿಗೆ ಮಾತ್ರ. ಅದನ್ನು ಅಲ್ಲಿಗೇ ಬಿಟ್ಟೆವು.

ಮೂರನೆಯವರು ಇದೇ ಶಾಲೆಯಲ್ಲಿ ನನಗಿಂತ ಮೂರು ವರ್ಷ ಮುಂದೆ ಓದಿದವರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಸಲ ಹೋಗಿತ್ತು. ಮತ್ತೆ ಕಟ್ಟಿ ಪಾಸಾಗಿ, ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ, ವೈರ್‌ಮನ್ ಪರ್ಮಿಟ್ ಪಡೆದವರು. ಅವರು ಬಂದವರು ರೇಟು ಹೇಳಲೇ ಇಲ್ಲ. ಏನೇನು ಓಡಿಸ್ತೀರಿ, ಮುಂದೆ ಹಾಲು ಕರೆಯುವ ಮೆಷಿನ್ ತರುವ ಯೋಚನೆ ಇದೆಯಾ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ, ಕೊಟ್ಟಿಗೆ ತೊಳೆದ ನೀರು ಯಾವ ಕಡೆ ಹರಿಯುತ್ತದೆ ಅಂತ ಕೇಳಿದರು. ಆಮೇಲೆ ಅಪ್ಪನನ್ನು, "ದೊಡ್ಡಪ್ಪ, ಹಾಲು ಕರೆಯುವಾಗ ಕಾಲಿಗೆ ಏನಾದ್ರೂ ಹಾಕ್ಕೋತೀರಾ?" ಅಂದರು.

"ಕೊಟ್ಟಿಗೇಲಿ ಯಾರಪ್ಪ ಚಪ್ಪಲಿ ಹಾಕ್ಕೋತಾರೆ?" ಅಂದರು ಅಪ್ಪ.

ಅವರ ಲೆಕ್ಕವೆಲ್ಲ ಆ ಒದ್ದೆ ನೆಲದ ಮೇಲಿನ ಬರಿಗಾಲಿನ ಮೇಲೆ ನಿಂತಿತ್ತು ಅಂತ ನನಗೆ ಗೊತ್ತಾಗಿದ್ದು ಅವರು ಹಳೆ ಲಗ್ನಪತ್ರಿಕೆಯ ಹಿಂದೆ ಪಟ್ಟಿ ಬರೆದಾಗ. 4 ಚದರ ಮಿಲಿಮೀಟರಿನ ತಾಮ್ರದ ಆರ್ಮರ್ಡ್ ಕೇಬಲ್, ಗ್ಲ್ಯಾಂಡ್, ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಹೊಸ ಅರ್ತ್ ಗುಂಡಿ, ಕೂಲಿ ಬೇರೆ. ಮೊತ್ತ ಮೊದಲನೆಯವರು ಹೇಳಿದ್ದರ ಮೂರು ಪಟ್ಟು. ಅಪ್ಪ ಪಟ್ಟಿ ನೋಡಿ, "ನಲವತ್ತು ವರ್ಷ ಲಾಟೀನು ಹಿಡಿದು ಹಾಲು ಕರೆದಿದ್ದೀನಿ, ಎರಡು ಬಲ್ಬಿಗೆ ಇಷ್ಟು ದುಡ್ಡೇನೋ?" ಅಂದರು.

ಅವರಿಗೆ ನಾನು ಹೇಳಿದ ಲೆಕ್ಕ ನಮ್ಮ ವಿಜ್ಞಾನದ ಮೇಷ್ಟ್ರು ಹತ್ತನೇ ತರಗತಿಯಲ್ಲಿ ಕಲಿಸಿದ ಓಮನ ನಿಯಮದ್ದು, ಬಿಇಯಲ್ಲಿ ಕಲಿತದ್ದಲ್ಲ. ಕರೆಂಟ್ ಹೋಗಿ ವಾಪಸ್ ಬರಬೇಕು, ಆದ್ದರಿಂದ 45 ಮೀಟರ್ ಅಂದರೆ ತಂತಿ 90 ಮೀಟರ್. ಒಂದೂವರೆ ಚದರ ಮಿಲಿಮೀಟರಿನ ತಂತಿಗೆ ಅಷ್ಟುದ್ದಕ್ಕೆ ರೋಧ ಸುಮಾರು 1.1 ಓಮ್. ಒಂದು ಎಚ್‌ಪಿ ಮೋಟಾರ್ ಓಡುವಾಗ ಸುಮಾರು 7 ಆಂಪಿಯರ್ ಎಳೆದರೆ, ಶುರುವಾಗುವಾಗ ಅದರ ಐದು ಪಟ್ಟು, 35 ಆಂಪಿಯರ್. ಗುಣಿಸಿದರೆ 38 ವೋಲ್ಟ್ ದಾರಿಯಲ್ಲೇ ಖಾಲಿ. ಸಂಜೆ ಹೊತ್ತು ನಮ್ಮೂರಲ್ಲಿ ಮೊದಲೇ ವೋಲ್ಟೇಜ್ ಇಳಿದಿರುತ್ತದೆ, ಮೋಟಾರ್ ತಿರುಗದೆ ಗುಂಯ್ ಅಂದುಕೊಂಡು ಸುಟ್ಟುಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಕಳೆಯುವುದು 15 ವೋಲ್ಟಿನೊಳಗೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಊರವರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. "ಅರ್ತ್ ಕೊಟ್ಟಿದ್ದೀವಿ, ಎಂಸಿಬಿ ಇದೆ, ಭಯ ಇಲ್ಲ" ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಮೇವಿನ ಯಂತ್ರದ ಕಬ್ಬಿಣಕ್ಕೆ ಒಳಗಿನ ಫೇಸ್ ತಂತಿ ತಾಗಿತು ಅನ್ನಿ. ನಿಮ್ಮ ಅರ್ತ್ ಗುಂಡಿಯ ರೋಧ 20 ಓಮ್ ಇದ್ದರೆ, 230ನ್ನು 20ರಿಂದ ಭಾಗಿಸಿ, ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡಿನಂತೆಯೇ ಕಾಣುತ್ತದೆ, ಬೀಳುವುದಿಲ್ಲ. ಯಂತ್ರದ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ಮುಟ್ಟುವವರಿಗೆ ಕಾಯುತ್ತ. ಆರ್‌ಸಿಸಿಬಿ ನೋಡುವುದು ಬೇರೆ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತೇ ಅಂತ ತೂಗಿ ನೋಡುತ್ತದೆ. 30 ಮಿಲಿಆಂಪಿಯರ್, ಅಂದರೆ 0.03 ಆಂಪಿಯರ್ ಎಲ್ಲೋ ಮಣ್ಣಿಗೆ ಸೋರಿದರೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಡಿದುಹಾಕುತ್ತದೆ. ಅಂಗಡಿಯಲ್ಲಿ ಇಎಲ್‌ಸಿಬಿ ಅಂದರೂ ಇದನ್ನೇ ಕೊಡುತ್ತಾರೆ. ಇದಿದೆ ಅಂತ ಎಂಸಿಬಿ ಬಿಡುವಂತಿಲ್ಲ, ಓವರ್‌ಲೋಡ್ ಆದರೆ ಇದಕ್ಕೆ ಗೊತ್ತಾಗುವುದಿಲ್ಲ. ಒಂದೇ ಸಲ ಫೇಸು ನ್ಯೂಟ್ರಲ್ಲು ಎರಡನ್ನೂ ಹಿಡಿದರೂ ಇದು ಕಾಪಾಡುವುದಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸುಗೆ?" ಅಂದರು. ಎಲೆಕ್ಟ್ರಿಷಿಯನ್ ಅಣ್ಣ ಹೇಳಿದರು: ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರಿನಷ್ಟು ಅಂತರ, ನೆಲದಲ್ಲಿ ಕರೆಂಟ್ ಸೋರಿದಾಗ ಆ ಎರಡು ಜಾಗದ ವೋಲ್ಟೇಜ್ ವ್ಯತ್ಯಾಸ ಅದರ ಎದೆಯ ಮೂಲಕವೇ ಹಾಯುತ್ತದೆ. ನಮಗೆ ಜುಮ್ ಅನ್ನುವುದು ಅದಕ್ಕೆ ಪ್ರಾಣ ಹೋಗುವಂಥದ್ದು. ಅದಕ್ಕೇ ಅರ್ತ್ ಗುಂಡಿಯನ್ನು ದನ ನಿಲ್ಲುವ ಕಡೆಯಿಂದ ದೂರ ತೋಡಿಸಿದರು. "ಸರಿ, ಮಾಡಪ್ಪ" ಅಂದರು ಅಪ್ಪ. ಚೌಕಾಸಿ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ, ಹಸುವಿನ ವಿಷಯ ಬರದಿದ್ದರೆ ಒಪ್ಪುತ್ತಿರಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಎರಡೂವರೆ ಅಡಿ ಕಾಲುವೆ ತೋಡಿ, ತಳಕ್ಕೆ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಮೇಲೆ ಇಟ್ಟಿಗೆ ಸಾಲು. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗಬೇಕು. ಟ್ರ್ಯಾಕ್ಟರ್ ಹಾಯುವ ಕಡೆ ಜಿಐ ಪೈಪಿನೊಳಗೆ ಹಾಯಿಸಿದರು. ಮಣ್ಣು ಮುಚ್ಚುವ ಮೊದಲು ನಾನು ಫೋಟೋ ತೆಗೆದು, ಬಾವಿಕಟ್ಟೆಯಿಂದ ಎಷ್ಟು ದೂರ ಅಂತ ಅಳತೆ ಬರೆದಿಟ್ಟೆ. ಮನೆಯ ಹಳೇ ಅರ್ತ್ ತಂತಿ ಬಚ್ಚಲುಮನೆಯ ಹಿಂದೆ ತುಕ್ಕು ಹಿಡಿದು ಕಡಿದುಬಿದ್ದಿದ್ದು ಆಗಲೇ ಸಿಕ್ಕಿತು. ಎಷ್ಟು ವರ್ಷದಿಂದ ಹಾಗಿತ್ತೋ.

ಈಗ ಅಪ್ಪ ತಿಂಗಳ ಮೊದಲ ದಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುತ್ತಾರೆ. ಟಪ್ ಅಂತ ಬಿದ್ದರೆ ಸರಿ. ಬೀಳದಿದ್ದರೆ ಅದನ್ನು ಬದಲಾಯಿಸಬೇಕು. ನಿಮ್ಮ ಮನೆಯಲ್ಲಿದ್ದರೆ ನೀವೂ ಒತ್ತಿ ನೋಡಿ. ಇಲ್ಲದಿದ್ದರೆ, ಫೋನಿನಲ್ಲಿ ರೇಟು ಹೇಳುವವರನ್ನು ಬಿಟ್ಟು, ಮನೆಗೆ ಬಂದು ಮೀಟರ್ ಬೋರ್ಡ್ ಬಿಚ್ಚಿ ನೋಡುವವರನ್ನು ಕರೆಯಿರಿ. ಪರ್ಮಿಟ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ, ನಿಜವಾದವರು ಬೇಸರ ಮಾಡಿಕೊಳ್ಳುವುದಿಲ್ಲ.

ಆ ಅಣ್ಣ ಇವತ್ತು ಇಲ್ಲೇ ಇದ್ದಾರೆ. ಈ ಮೈಕು, ಈ ದೀಪಗಳು ಅವರದ್ದೇ. ಶಾಮಿಯಾನದ ಹಿಂದೆ ಜನರೇಟರ್ ಹತ್ತಿರ ನಿಂತಿದ್ದಾರೆ. ಸನ್ಮಾನದ ಪಟ್ಟಿಯಲ್ಲಿ ಡಾಕ್ಟರು, ಇಂಜಿನಿಯರು, ತಹಶೀಲ್ದಾರರು ಎಲ್ಲ ಇದ್ದೇವೆ. ಸಂಘದವರು ಅವರಿಗೂ ಒಂದು ಶಾಲು ತೆಗೆದಿಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ನಮ್ಮ ಶಾಲೆಯ ಬಿಸಿಯೂಟದ ಕೋಣೆಯೂ ಕೊಟ್ಟಿಗೆಯ ಹಾಗೇ ಮುಖ್ಯ ಕಟ್ಟಡದಿಂದ ದೂರದಲ್ಲಿದೆ. ನೆಲ ಸದಾ ಒದ್ದೆ. ಕರೆಂಟ್ ಹೋಗಿರುವುದು ಕಿಟಕಿಯಿಂದ ಬೇವಿನ ಮರಕ್ಕೆ, ಮರದಿಂದ ಶೀಟಿಗೆ, ಒಂದು ಸರ್ವಿಸ್ ವೈರಿನಲ್ಲಿ. ಮಕ್ಕಳು ತಟ್ಟೆ ತೊಳೆಯುವ ಜಾಗ ಅದರ ಕೆಳಗೇ. ನಿನ್ನೆ ನಾವಿಬ್ಬರೂ ಹೋಗಿ ಅಳೆದೆವು, 30 ಮೀಟರ್. ಕೂಲಿ ಬೇಡ, ನಾನೇ ಮಾಡಿಕೊಡುತ್ತೇನೆ ಅಂದಿದ್ದಾರೆ ಅವರು. ಕೇಬಲ್, ಆರ್‌ಸಿಸಿಬಿ, ಅರ್ತ್ ಗುಂಡಿಯ ಸಾಮಾನು ನಮ್ಮ ಬ್ಯಾಚಿನವರದ್ದು. ಮುಖ್ಯೋಪಾಧ್ಯಾಯರು ಮೇಲಿನವರ ಒಪ್ಪಿಗೆ ತರಿಸಿಕೊಟ್ಟರೆ ದಸರಾ ರಜೆಯಲ್ಲಿ ಮುಗಿಸುತ್ತೇವೆ. ಕಾಲುವೆ ತೋಡಲು ಆರು ಜನ ಬೇಕು. ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಹೆಸರು ಬರೆಸಿ.