ಯುದ್ಧಕಾಲದ ಗೂಢಚಾರಿಣಿ: ನೂರ್ ಇನಾಯತ್ ಖಾನ್

ಗೂಢಚಾರಿಣಿ ಎಂದೊಡನೆ ನಿಮ್ಮ ಕಣ್ಣಮುಂದೆ ನಿಲ್ಲುವವಳು ಮಾತಾ ಹರಿಯೇ ಇರಬೇಕು: ನರ್ತಕಿ, ಚೆಲುವೆ, ಗಂಡಸರನ್ನು ಮರುಳುಮಾಡಿ ಗುಟ್ಟು ಕಸಿಯುವವಳು. ಕಾದಂಬರಿ, ಸಿನಿಮಾಗಳು ಈ ಚಿತ್ರವನ್ನು ಚೆನ್ನಾಗಿಯೇ ಬೆಳೆಸಿವೆ. ನಮ್ಮ ಕೌಟಿಲ್ಯ ಇನ್ನೂ ಜಾಣ. ಅವನ ಅರ್ಥಶಾಸ್ತ್ರದ ಚಾರರಲ್ಲಿ ಬಡ ವಿಧವೆಯಾದ ಪರಿವ್ರಾಜಿಕೆಯೂ ಇದ್ದಾಳೆ. ದೊಡ್ಡ ಅಧಿಕಾರಿಗಳ ಮನೆಗಳಿಗೆ ಯಾರ ಸಂದೇಹಕ್ಕೂ ಎಡೆಗೊಡದೆ ಹೋಗಿಬರಬಲ್ಲವಳು ಆಕೆ.

ನಾನು ಹೇಳಹೊರಟಿರುವ ಹೆಂಗಸು ಮಾತಾ ಹರಿಯ ಜಾತಿಯವಳಲ್ಲ. ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಬರೋಡೆಯ ಸಂಗೀತಗಾರ, ಸೂಫಿ ಗುರು ಇನಾಯತ್ ಖಾನ್, ತಾಯಿ ಅಮೆರಿಕದವರು. ತಂದೆಯ ಮಾತಾಮಹ ಮೌಲಾ ಬಕ್ಷ್ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಗಾಯಕ. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂದು ಮನೆತನದ ಹೇಳಿಕೆ. ಹೀಗೆ ಈ ಕಥೆಯ ಬೇರಿನ ಒಂದೆಳೆ ನಮ್ಮ ನೆಲಕ್ಕೂ ಸೇರಿದೆ.

ಬೆಳೆದದ್ದು ಪ್ಯಾರಿಸಿನ ಬಳಿಯ ಸುರೇನ್‌ನಲ್ಲಿ. ವೀಣೆಯನ್ನೂ ಹಾರ್ಪನ್ನೂ ನುಡಿಸುವಳು, ಪ್ಯಾರಿಸ್ ರೇಡಿಯೋದ ಮಕ್ಕಳಿಗಾಗಿ ಕಥೆ ಬರೆಯುವಳು. 1939ರಲ್ಲಿ ಇಪ್ಪತ್ತು ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಳು. ಅಹಿಂಸೆಯ ಮಾತು ಕೇಳುತ್ತ ಬೆಳೆದ ಹುಡುಗಿ. ಫ್ರಾನ್ಸ್ ಬಿದ್ದಾಗ ಇಂಗ್ಲೆಂಡಿಗೆ ಬಂದು ವಿಮಾನದಳದ ಮಹಿಳಾ ವಿಭಾಗ ಸೇರಿ ನಿಸ್ತಂತು ಯಂತ್ರ ನಡೆಸುವುದನ್ನು ಕಲಿತಳು. ಫ್ರೆಂಚ್ ಬಲ್ಲ ನಿಸ್ತಂತುಗಾರರಿಗಾಗಿ ಗುಪ್ತ ಇಲಾಖೆ ಹುಡುಕುತ್ತಿತ್ತು, ಕರೆ ಬಂತು. ಕೆಲವು ಶಿಕ್ಷಕರಿಗೆ ಇವಳು ಈ ಕೆಲಸಕ್ಕೆ ತಕ್ಕವಳಲ್ಲವೆನಿಸಿತ್ತು. ಆದರೂ 1943ರ ಜೂನ್ ತಿಂಗಳ ಒಂದು ರಾತ್ರಿ ಪುಟ್ಟ ವಿಮಾನವೊಂದು ಆಕೆಯನ್ನು ಫ್ರಾನ್ಸಿನ ಹೊಲದಲ್ಲಿಳಿಸಿತು. ಗುಪ್ತನಾಮ, ಮದಲೆನ್.

ಹಿಂದೆ ರೇಡಿಯೋ ಇದ್ದ ಮನೆಗಳ ತಾರಸಿಯ ಮೇಲೆ ಏರಿಯಲ್ ತಂತಿ ಎಳೆದು ಕಟ್ಟುತ್ತಿದ್ದುದು ನಿಮಗೆ ನೆನಪಿರಬಹುದು. ಆಕೆಗೂ ಅಂಥದೇ ಉದ್ದನೆಯ ತಂತಿ ಬೇಕು. ಆದರೆ ಅದನ್ನು ಯಾರೂ ಕಾಣಬಾರದು! ಜೊತೆಗೆ ಪೆಟ್ಟಿಗೆಯಲ್ಲಿ ಭಾರವಾದ ಯಂತ್ರ. ಬೀದಿಯಲ್ಲಿ ಅಲೆಗಳ ಜಾಡು ಹಿಡಿದು ಸುತ್ತುವ ಜರ್ಮನರ ವಾಹನಗಳು. ಒಂದೆಡೆ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ಮುಗಿಯಿತು. ಒಮ್ಮೆ ಮರಕ್ಕೆ ತಂತಿ ಕಟ್ಟುತ್ತಿದ್ದಾಗ ನೆರೆಯ ಜರ್ಮನ್ ಅಧಿಕಾರಿಯೇ ಬಂದು ನೆರವಾದನೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಹುಡುಗಿ ಹಾಡು ಕೇಳಲು ಕಟ್ಟುತ್ತಿದ್ದಾಳೆಂದು ಅವನು ಬಗೆದಿರಬೇಕು.

ಬಂದು ಕೆಲವೇ ದಿನಗಳಲ್ಲಿ ಪ್ಯಾರಿಸಿನ ಗುಪ್ತಜಾಲ ಮುರಿದುಬಿತ್ತು. ಸಂಗಡಿಗರು ಒಬ್ಬೊಬ್ಬರಾಗಿ ಸೆರೆಯಾದರು. ಹಿಂದಿರುಗೆಂದರೂ ಆಕೆ ಒಪ್ಪಲಿಲ್ಲ. ಲಂಡನ್ನಿಗೆ ಸುದ್ದಿ ಮುಟ್ಟಿಸುವವರು ಬೇರಾರೂ ಉಳಿದಿಲ್ಲವಲ್ಲ! ಮನೆಯಿಂದ ಮನೆಗೆ ತಿರುಗುತ್ತ ಅಕ್ಟೋಬರಿನವರೆಗೆ ದುಡಿದಳು. ಕೊನೆಗೆ ಹಣದಾಸೆಗೆ ಯಾರೋ ಹಿಡಿದುಕೊಟ್ಟರು.

ವಿಚಾರಣೆಯಲ್ಲಿ ಆಕೆ ಏನನ್ನೂ ಹೇಳಲಿಲ್ಲ. ಇದನ್ನು ಯುದ್ಧಾನಂತರ ಜರ್ಮನ್ ಅಧಿಕಾರಿಯೇ ಒಪ್ಪಿಕೊಂಡ. ಆದರೆ ಕಳಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ಪುಸ್ತಕ ಅವರ ಕೈಸೇರಿತ್ತು. ಅದರ ಬಲದಿಂದ ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ಲಂಡನ್ ನಂಬಿತು. ಆ ಪುಸ್ತಕಕ್ಕಾಗಿ ನೂರಳನ್ನು ದೂರುವವರಿದ್ದಾರೆ. ನನಗೇನೋ ಮೇಜಿನ ಮುಂದೆ ಸುರಕ್ಷಿತವಾಗಿ ಕುಳಿತು ನಂಬಿದವರ ಹೊಣೆಯೇ ಹೆಚ್ಚೆನಿಸುತ್ತದೆ. 1944ರ ಫೆಬ್ರವರಿ ಕೊನೆಯಲ್ಲಿ ಆ ಸುಳ್ಳು ಕರೆಯನ್ನು ನಂಬಿ ಧುಮುಕಿದವರಲ್ಲಿ ಮದಲೆನ್ ದಮರ್‌ಮಾಂ ಎಂಬ ತರುಣಿಯೂ ಇದ್ದಳು. ನೆಲ ಮುಟ್ಟುತ್ತಲೇ ಸೆರೆ.

ನೂರ್ ತಪ್ಪಿಸಿಕೊಳ್ಳಲು ಎರಡು ಸಲ ಯತ್ನಿಸಿದಳು. ಇನ್ನು ಓಡುವುದಿಲ್ಲವೆಂದು ಬರೆದುಕೊಡಲು ಒಪ್ಪಲಿಲ್ಲ. ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಕೈಕಾಲಿಗೆ ಸಂಕೋಲೆ ತೊಡಿಸಿ ಹತ್ತು ತಿಂಗಳು ಒಂಟಿಯಾಗಿಟ್ಟರು. 1944ರ ಸೆಪ್ಟೆಂಬರ್ 13ರ ಬೆಳಗ್ಗೆ ಡಖಾವ್ ಶಿಬಿರದಲ್ಲಿ ನಾಲ್ವರು ಹೆಂಗಸರನ್ನು ಗುಂಡಿಟ್ಟು ಕೊಂದರು. ಒಬ್ಬಳು ನೂರ್. ಇನ್ನೊಬ್ಬಳು ಆ ಮದಲೆನ್.

ಆಕೆ ಸತ್ತದ್ದು ಬೇರೊಂದು ಶಿಬಿರದಲ್ಲಿ ಎಂದೇ ಅಧಿಕಾರಿಗಳು ಮೊದಲು ನಂಬಿದ್ದರು. 1947ರಲ್ಲಿ ನಿಜ ತಿಳಿಯಿತು. 1949ರಲ್ಲಿ ಜಾರ್ಜ್ ಕ್ರಾಸ್ ಪದಕ ಕೊಟ್ಟರು. ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆ ನಿಂತದ್ದು 2012ರಲ್ಲಿ.