ಧನುರ್ಮಾಸಕ್ಕೂ ಕಂತು ಬರುತ್ತೆ: ಹಳೇ ಡೀಸೆಲ್ ಪಿಕಪ್ ಉಳಿಸೋದಾ, ಹೊಸದು ತಗೊಳೋದಾ?

ನಾನು ಬನಶಂಕರಿ ಎರಡನೇ ಹಂತದವನು. ನಮ್ಮ ಮನೆಯವರದ್ದು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡೋ ವ್ಯಾಪಾರ. ಗೋಡೌನ್ ಇಲ್ಲೇ, ಗಿರಾಕಿಗಳು ಜಯನಗರ, ಜೆ.ಪಿ. ನಗರ, ಕನಕಪುರ ರಸ್ತೆಯ ಛತ್ರಗಳಲ್ಲಿ. ಇದನ್ನೆಲ್ಲ ಹೊರೋದು 2013ರ ಒಂದು ಡೀಸೆಲ್ ಪಿಕಪ್. ಅಪ್ಪ ಅದನ್ನ ತಗೊಂಡಾಗ ನಾನು ಹೈಸ್ಕೂಲಲ್ಲಿದ್ದೆ. ಆಯುಧಪೂಜೆ ದಿನ ಮನೇಲಿ ಮೊದಲ ಹಾರ ಅದಕ್ಕೇ, ನಮ್ಮ ಬೈಕುಗಳಿಗೆಲ್ಲ ಆಮೇಲೆ.

ಹೋದ ಕಾರ್ತೀಕದಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ, ಸಾರಕ್ಕಿ ಸಿಗ್ನಲ್ ಹತ್ತಿರ ಗಾಡಿ ನಿಂತುಹೋಯ್ತು. ಹಿಂದೆ ಕೊಳಗ, ಬಾಣಲೆ, ಗ್ಯಾಸ್ ಒಲೆ. ಛತ್ರದಲ್ಲಿ ಅಡುಗೆಯವರು ಕೈಕಟ್ಟಿ ಕೂತಿದ್ರು. ಬೇರೆ ಗಾಡಿ ಹಿಡಿದು, ಲೋಡ್ ಬದಲಾಯಿಸಿ ಮುಟ್ಟಿಸೋ ಹೊತ್ತಿಗೆ ಆರೂ ಕಾಲು. ಹುಡುಗಿ ತಂದೆ ಬೈಯಲಿಲ್ಲ. ಅಪ್ಪನ ಮುಖ ನೋಡಿ ಸುಮ್ಮನೆ ಒಳಗೆ ಹೋದ್ರು. ಬೈದಿದ್ರೇ ಚೆನ್ನಾಗಿತ್ತು.

ಅವತ್ತು ರಾತ್ರಿ ಮನೇಲಿ ಜಗಳ. ತಮ್ಮ ಹೇಳ್ದ, "ಮಾರಿಬಿಡೋಣಪ್ಪ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಇದೇ ಸಮಯ." ಸೋದರಮಾವ ವಾಟ್ಸಾಪ್ ಫಾರ್ವರ್ಡ್ ತೋರಿಸಿದ್ರು, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗೆ ಇಳಿಯಂಗಿಲ್ಲ ಅಂತ. ಅದು ದೆಹಲಿ ಸುತ್ತಮುತ್ತಲಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶದ ಮಾತು. ನಮ್ಮ ಕೆಎ 05 ಗಾಡಿಗೆ ಅದು ಬರಲ್ಲ. ಇಲ್ಲಿ ಬೇಕಾಗಿರೋದು ಎಫ್‌ಸಿ. ಸರಕು ಗಾಡಿಗೆ ಎಂಟು ವರ್ಷ ಆಗೋವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ವಯಸ್ಸಾದಂತೆ ಫೀಸೂ ಏರುತ್ತೆ, ಅದು ನಿಜ.

ಅಪ್ಪ ಮಾತ್ರ ಒಂದೇ ಮಾತು: "ಎಂಜಿನ್ ಕೆಲಸ ಮಾಡಿಸಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ."

ಇಬ್ಬರ ಮಾತಲ್ಲೂ ಲೆಕ್ಕ ಇರಲಿಲ್ಲ. ಹಾಗಾಗಿ ನಾನು ಟ್ರಿಪ್ ಶೀಟು, ಡೀಸೆಲ್ ಬಿಲ್ಲು ಎಲ್ಲ ತೆಗೆದು ಕೂತೆ. ಗಾಡಿ ಓಡೋದು ತಿಂಗಳಿಗೆ ಸರಾಸರಿ 900 ಕಿಲೋಮೀಟರ್, ಅಷ್ಟೇ. ಮುಹೂರ್ತದ ತಿಂಗಳಲ್ಲಿ 1,500 ದಾಟುತ್ತೆ. ಆಷಾಢ, ಧನುರ್ಮಾಸದಲ್ಲಿ ಬೀದಿನಾಯಿ ಅದರ ಕೆಳಗೆ ಮಲಗಿರುತ್ತೆ.

ಹೊಸ ಪಿಕಪ್ಪಿಗೆ ಎಲ್ಲ ಸೇರಿ 10 ಲಕ್ಷ ಅಂತಿಟ್ಕೊಳ್ಳಿ. ಎರಡು ಲಕ್ಷ ಕೈಯಿಂದ ಹಾಕಿ, ಎಂಟು ಲಕ್ಷಕ್ಕೆ ಶೇ 10ರ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 17,000. ನಮ್ಮದು ಲೀಟರಿಗೆ 10 ಕೊಡುತ್ತೆ, ಹೊಸದು 14 ಕೊಟ್ರೂ 900 ಕಿಲೋಮೀಟರಿಗೆ ಉಳಿಯೋದು 26 ಲೀಟರ್. ಲೀಟರಿಗೆ 90 ರೂಪಾಯಿ ಅಂದ್ರೆ 2,300ರ ಆಸುಪಾಸು. 17,000 ಎಲ್ಲಿ, 2,300 ಎಲ್ಲಿ? ಧನುರ್ಮಾಸದಲ್ಲಿ ಮದುವೆ ಇಲ್ಲ ಅಂತ ಬ್ಯಾಂಕಿನವರು ಕಂತು ಬಿಡ್ತಾರಾ?

ದಿನಾ ಕಲಾಸಿಪಾಳ್ಯದಿಂದ ತರಕಾರಿ ಹೊಡೆಯೋ ಗಾಡಿಯಾಗಿದ್ರೆ ನಾನೇ ತಮ್ಮನ ಕಡೆ ಇರ್ತಿದ್ದೆ. ಅಲ್ಲಿ ಕಂತು ಬಾಡಿಗೆಯಲ್ಲೇ ಹುಟ್ಟುತ್ತೆ. ಎಲೆಕ್ಟ್ರಿಕ್ಕೂ ಹಾಗೇ, ದಿನಾ ಓಡಿದಷ್ಟೂ ಲಾಭ. ನಿಂತಿರೋ ಗಾಡಿಗಲ್ಲ. ಇನ್ನೊಂದು ವಿಷಯ. ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಅದು ಬಿಸಿಯಾದ್ರೇನೇ ಮಸಿ ಸುಟ್ಟುಹೋಗೋದು. ಬನಶಂಕರಿಯಿಂದ ಜಯನಗರಕ್ಕೆ ನಾಲ್ಕು ಕಿಲೋಮೀಟರ್, ನಡುವೆ ಟ್ರಾಫಿಕ್. ಎಲ್ಲಿ ಬಿಸಿಯಾಗುತ್ತೆ? ಆಗಾಗ ಹೈವೇಗೆ ಕರ್ಕೊಂಡು ಹೋಗಿ ಓಡಿಸಬೇಕು.

ಹಾಗಂತ ಅಪ್ಪ ಹೇಳಿದ್ದೇ ಸರಿ ಅಂತ ಅಲ್ಲ. ಮೊದಲು ಗಾಡಿ ಬದುಕುತ್ತಾ ನೋಡಬೇಕು. ಮೆಕ್ಯಾನಿಕ್ ಎಂಜಿನ್ ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆದ್ರು, ಒಳಗಿಂದ ಹೊಗೆ ಉಗುಳ್ತಿತ್ತು. ಸೈಲೆನ್ಸರಲ್ಲಿ ನೀಲಿ ಹೊಗೆ, ಅಂದ್ರೆ ಆಯಿಲ್ ಸುಡ್ತಿದೆ. ರಿಂಗು ಹೋಗಿದೆ. "ಎಂಜಿನ್ ಬಿಡಿ ಯಜಮಾನ್ರೆ, ಕಟ್ಟಬಹುದು. ಚಾಸಿ ನೋಡೋಣ," ಅಂದ್ರು. ಗಾಡಿ ಮೇಲೆತ್ತಿ, ಬ್ಲೇಡ್ ಸೆಟ್ಟು ಕೂರೋ ಜಾಗದಲ್ಲೆಲ್ಲ ಸುತ್ತಿಗೆಯಿಂದ ತಟ್ಟಿದ್ರು. ತುಕ್ಕು ಮೇಲ್ಮೇಲೆ ಮಾತ್ರ ಇತ್ತು. ಅಲ್ಲಿ ತೂತು ಕಂಡಿದ್ರೆ ಆವತ್ತೇ ಮಾರ್ತಿದ್ವಿ.

ಅಪ್ಪನಿಗೆ ಎರಡು ಬ್ಲೇಡ್ ಜಾಸ್ತಿ ಹಾಕಿಸಿ, ಬಾಡಿ ಎತ್ತರಿಸೋ ಆಸೆ. ಅದಕ್ಕೆ ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ನಮ್ಮಿಷ್ಟಕ್ಕೆ ಬದಲಾಯಿಸಂಗಿಲ್ಲ, ಎಫ್‌ಸಿಗೆ ಹೋದಾಗ ಸಿಕ್ಕಿಬೀಳ್ತೀವಿ. ಬ್ಲೇಡ್ ಹಾಕಿದ್ರೆ ಬ್ರೇಕ್ ದೊಡ್ಡದಾಗುತ್ತಾ? ಆ ದುಡ್ಡು ಬ್ರೇಕಿಗೇ ಹಾಕಿದ್ವಿ.

ಜೆ.ಸಿ. ರಸ್ತೇಲಿ ಸಾಮಾನು ತಂದು, ಎಂಜಿನ್, ಕ್ಲಚ್, ಬ್ರೇಕ್ ಎಲ್ಲ ಸೇರಿ 1,10,000 ಆಯ್ತು. ಮಾಡಿಸಿದ್ದು ಧನುರ್ಮಾಸದಲ್ಲೇ, ಗಾಡಿ ಹೇಗೂ ನಿಂತಿರುತ್ತಲ್ಲ. ತಮ್ಮನಿಗೂ ಒಂದು ಮಾತು ಕೊಟ್ಟಿದ್ದೀವಿ: ತಿಂಗಳಿಗೆ 6,000 ಆರ್‌ಡಿ, 2028ಕ್ಕೆ ಗಾಡಿಗೆ 15 ತುಂಬಿದಾಗ ಮತ್ತೆ ಚಾಸಿ ತಟ್ಟಿ ನೋಡೋದು, ಅಪ್ಪನ ಮುಂದೆಯೇ. ದೂರದ ಮುಹೂರ್ತದ ಲೋಡಿದ್ರೆ ಹಿಂದಿನ ರಾತ್ರಿಯೇ ಹೊರಡೋದು.

ಮಾಘದ ಮೊದಲ ಲೋಡು ಅಪ್ಪನೇ ಓಡಿಸಿದ್ರು. ಸಾರಕ್ಕಿ ಸಿಗ್ನಲಲ್ಲಿ ಕೆಂಪು ಬಿತ್ತು. ಸಾಮಾನ್ಯವಾಗಿ ಡೀಸೆಲ್ ಉಳೀಲಿ ಅಂತ ಆಫ್ ಮಾಡೋರು, ಅವತ್ತು ಮಾತ್ರ ಮಾಡಲಿಲ್ಲ.